ಮಾವನ ಬ್ಲಾಗಿಗೊಂದು ಶಾಶ್ವತ ವಿಳಾಸ

ನಮ್ಮ ಸೋದರಮಾವ ಬ್ಲಾಗ್ ಬರೆಯುತ್ತಾರೆಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದಕ್ಷರವನ್ನೂ ಬರೆಯದೆ ಬ್ಲಾಗಿನವರೆಂದು ಹೆಸರಾದವರು ಇಡೀ ದೇವನಹಳ್ಳಿ ತಾಲ್ಲೂಕಿನಲ್ಲಿ ಅವರೊಬ್ಬರೇ ಇರಬೇಕು!

ವಿಜಯಪುರದಲ್ಲಿ ಮನೆಗೆ ಅಂಟಿಕೊಂಡಂತೆ ಅವರದೊಂದು ಶೆಡ್ ಇದೆ. ರೇಷ್ಮೆ ನೂಲಿಗೆ ಹುರಿ ಹಾಕುವ ಮಿಷನ್‌ಗಳು ಅಲ್ಲಿ ದಿನವಿಡೀ ಗುಂಯ್‌ಗುಡುತ್ತವೆ. ನಡೆಸುವವರು ಅತ್ತೆ, ಕೆಟ್ಟರೆ ರಿಪೇರಿ ಮಾಡುವವರು ಮಾವ. ಹೋದ ವರ್ಷ ಮಾವ ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದರು. ಬೇರೆಯವರಾಗಿದ್ದರೆ ವಾಕಿಂಗ್ ಶುರು ಮಾಡುತ್ತಿದ್ದರು, ಉಪ್ಪು ಕಡಿಮೆ ಮಾಡುತ್ತಿದ್ದರು. ನಮ್ಮ ಮಾವ ಬ್ಲಾಗಿನ ಹುಚ್ಚು ಹಿಡಿಸಿಕೊಂಡರು. ರಿಪೇರಿಯ ವಿದ್ಯೆಯನ್ನೆಲ್ಲ ಅದರಲ್ಲಿ ಬರೆದಿಡಬೇಕಂತೆ.

“ನಾನು ಹೋದ್ಮೇಲೂ ಅದು ಇರ್ಬೇಕು ಕಣಮ್ಮ. ಎಲ್ಲಿ ಇಡೋದು, ಹೇಳು.”

ನನಗೇನು ಗೊತ್ತು? ನಾನು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಅರ್ಜಿ ಟೈಪ್ ಮಾಡುವವಳು. ಆದರೆ ಮಾವನ ಲೆಕ್ಕದಲ್ಲಿ ಕಂಪ್ಯೂಟರ್ ಮುಂದೆ ಕೂರುವವರಿಗೆಲ್ಲ ಕಂಪ್ಯೂಟರಿನ ಒಳಗಿರುವುದೂ ತಿಳಿದಿರಬೇಕು.

“ಪುಕ್ಕಟೆ ಸೈಟುಗಳಿವೆ ಮಾವ,” ಎಂದೆ.

“ಪುಕ್ಕಟೆ ಮನೇಲಿದ್ರೆ ಯಾವತ್ತು ಬೇಕಾದ್ರೂ ಖಾಲಿ ಮಾಡು ಅಂತಾರೆ.”

“ಹಾಗಾದ್ರೆ ದುಡ್ಡು ಕೊಟ್ಟು ಹೋಸ್ಟಿಂಗ್ ತಗೊಳ್ಳೋಣ.”

“ನಾನೇ ಇಲ್ದಿದ್ಮೇಲೆ ಬಾಡಿಗೆ ಕಟ್ಟೋರ್ಯಾರು?”

ಎರಡೂ ಮಾತು ಸರಿಯೇ ಅನ್ನಿಸಿ ನನ್ನ ತಲೆ ಕೆಟ್ಟಿತು.

ಆಮೇಲೆ ಮಾವ ಒಂದು ಹೋಸ್ಟಿಂಗ್ ಕಂಪನಿಗೆ ತಾವೇ ಫೋನ್ ಮಾಡಿದರು. “ತಾಯಿ, ನಿಮ್ ಯಜಮಾನ್ರಿಗೆ ಮಕ್ಕಳಿದ್ದಾರಾ? ಅವ್ರು ಕಂಪನಿ ನಡೆಸ್ಕೊಂಡು ಹೋಗ್ತಾರಾ, ಮಾರ್ಬಿಡ್ತಾರಾ?” ಆ ಕಡೆಯ ಹುಡುಗಿ ಒಂದು ನಿಮಿಷ ಎಂದವಳು ಪೀಪಿಯ ಸಂಗೀತ ಹಾಕಿ ಮಾಯವಾದಳು. ಉತ್ತರ ಗೊತ್ತಿಲ್ಲದವರು ಹಾಡು ಹಾಕುತ್ತಾರೆಂದು ತೀರ್ಮಾನಿಸಿ ಮಾವ ಫೋನಿಟ್ಟರು.

“ಮಗಳಿಗೆ ಗಂಡು ನೋಡ್ದಾಗ್ಲೂ ಇಷ್ಟು ವಿಚಾರಿಸ್ಲಿಲ್ಲ ಇವ್ರು,” ಎಂದರು ಅತ್ತೆ.

ಯಾರ ಹಂಗೂ ಬೇಡವೆಂದು ಹಳೆಯದೊಂದು ಕಂಪ್ಯೂಟರ್ ತಂದು ಶೆಡ್ಡಿನಲ್ಲೇ ಸರ್ವರ್ ಸ್ಥಾಪಿಸಿದ್ದೂ ಆಯಿತು. ಕರೆಂಟ್ ಹೋದಾಗಲೆಲ್ಲ ಮಿಷನ್‌ಗಳ ಜೊತೆ ಬ್ಲಾಗೂ ನಿಲ್ಲುತ್ತಿತ್ತು. ಅದರಲ್ಲಿ ಇನ್ನೂ ಏನೂ ಇರಲಿಲ್ಲವಾದ್ದರಿಂದ ಲೋಕಕ್ಕೆ ನಷ್ಟವಾಗಲಿಲ್ಲ. ಕೊನೆಗೆ ರೇಷ್ಮೆಯ ಎಳೆಗಳು ಫ್ಯಾನಿಗೆ ಸುತ್ತಿಕೊಂಡು ಅದು ಪ್ರಾಣ ಬಿಟ್ಟಿತು.

ಈ ನಡುವೆ ಬ್ಲಾಗಿನ ವಿಳಾಸವನ್ನು ಅತ್ತೆಯ ಹೆಸರಿಗೇ ಮಾಡಿಸಬೇಕೆಂದು ಹಟ ಬೇರೆ. ಹೆಂಡತಿಯ ಹೆಸರಿಗೆ ಸೈಟು, ಮನೆ ಮಾಡಿಸುವವರನ್ನು ಕಂಡಿದ್ದೆ. ಬ್ಲಾಗ್?

“ನಂಗ್ಯಾಕ್ರೀ ಅದು? ಒಂದು ಗ್ರೈಂಡರ್ ಕೊಡ್ಸಿ,” ಎಂದರು ಅತ್ತೆ.

ಹೋದ ಭಾನುವಾರ ಮಾವ ಕರೆಸಿದರು. ತೀರ್ಮಾನವಾಗಿತ್ತು. ಅಲಂಕಾರವಿಲ್ಲದ ಬರೀ ಅಕ್ಷರದ ಪುಟಗಳು. ಒಂದು ಪ್ರತಿ ಪುಕ್ಕಟೆ ಸೈಟಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಅತ್ತೆಯ ಫೋನಿನಲ್ಲಿ. ಒಂದಲ್ಲ ಒಂದು ಉಳಿಯುತ್ತದಲ್ಲ!

“ಹಾಕು ತಲೆಬರಹ. ಮಿಷನ್ ನಿಂತರೆ. ಹಾಕಿದ್ಯಾ? ಬರ್ಕೊ. ಗಾಬರಿ ಆಗ್ಬೇಡ. ಮೊದ್ಲು ಸ್ವಿಚ್ ಆಫ್ ಮಾಡು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊ.”

ನನ್ನ ಬೆರಳು ನಿಂತಿತು. “ಮಾವ, ಮೆಕ್ಯಾನಿಕ್‌ಗಳು ಓದೋ ಬ್ಲಾಗಲ್ಲಿ ಸೆರಗಾ?”

“ಓದ್ಲಿ ಬಿಡು ಅವ್ರೂ,” ಎಂದು ಮಾವ ಅತ್ತೆಯಿದ್ದ ಶೆಡ್ಡಿನ ಕಡೆ ನೋಡಿದರು. “ಬೆಲ್ಟ್ ಹತ್ರ ಬಗ್ಗುವಾಗ ಅವ್ಳಿಗೆ ಅದೊಂದು ನೆನಪಿರಲ್ಲ.”

ಈ ಮನುಷ್ಯ ವರ್ಷವಿಡೀ ನನ್ನ ತಲೆ ತಿಂದದ್ದು ಅತ್ತೆಯೊಬ್ಬರು ಓದಲೆಂದು.

ಅಷ್ಟರಲ್ಲಿ ಒಂದು ಮಿಷನ್ನಿನ ಸದ್ದು ನಿಂತಿತು. “ರೀ, ಬನ್ನಿ ಸ್ವಲ್ಪ,” ಎಂದು ಅತ್ತೆ ಕೂಗಿದರು. ಏಳಹೊರಟ ಮಾವ ಮತ್ತೆ ಕೂತರು.

“ಓದಿ ಹೇಳು ಅವಳಿಗೆ.”

ಗಟ್ಟಿಯಾಗಿ ಓದಿದೆ. ತೆರೆದ ಬಾಗಿಲಿನಾಚೆ ಅತ್ತೆ ಸ್ವಿಚ್ ಆಫ್ ಮಾಡಿದರು, ನಗುತ್ತಲೇ ಸೆರಗು ಸಿಕ್ಕಿಸಿಕೊಂಡರು.

“ಆಮೇಲೆ?” ಎಂದರು.

ಮಾವ ಕೂತಲ್ಲಿಂದಲೇ ಮುಂದಿನ ಸಾಲು ಹೇಳಿದರು. ನಾನು ಕಣ್ಣೊರೆಸಿಕೊಂಡು ಟೈಪ್ ಮಾಡಿದೆ.