ಕೊನೆಯ ಮುರ್ರಾ ಕಡ್ಡಿ

ಅಂತರಸಂತೆಯ ಮಂಚಯ್ಯನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಹಾಲಿನ ಡೇರಿಯಲ್ಲಿ. ಅವನ ನಾಟಿ ಎಮ್ಮೆ ರಾಣಿ ಕೊಟ್ಟದ್ದು ಎರಡು ಲೀಟರು. ಪಕ್ಕದ ಮನೆ ಗೌರೀಶನ ಮುರ್ರಾ ಎಮ್ಮೆಯದು ಹತ್ತು. ಅಷ್ಟನ್ನೂ ಸುರಿದು ಗೌರೀಶ್, "ಇವತ್ತು ಯಾಕೋ ಕಮ್ಮಿ ಕಣಣ್ಣ" ಅಂದ. ಆ ವಿನಯವನ್ನೇ ಮಂಚಯ್ಯನಿಗೆ ತಡೆದುಕೊಳ್ಳಲಾಗಲಿಲ್ಲ. ಆ ಎಮ್ಮೆಯ ಕೊಂಬು ಕೂಡ ಜಿಲೇಬಿಯಂತೆ ಸುತ್ತಿಕೊಂಡಿರುವುದು ತನ್ನನ್ನು ಅಣಕಿಸುವುದಕ್ಕೇ ಎಂದು ಅವನ ನಂಬಿಕೆ.

ಮನೆಗೆ ಹೋಗಲು ಮನಸ್ಸಾಗದೆ ಟೀ ಅಂಗಡಿಯಲ್ಲಿ ಕೂತ. ಊರ ಸುದ್ದಿಯನ್ನೆಲ್ಲ ಹೊತ್ತು ತಿರುಗುವ ಚಾಮಯ್ಯ ಅಲ್ಲಿಗೂ ಬಂದ. ಸರಗೂರಿನಿಂದ ಹೊಸ ದನದ ಡಾಕ್ಟರು ಬರುತ್ತಿದ್ದಾರೆ, ಎಮ್ಮೆಗೆ ಗಬ್ಬ ಕಟ್ಟಿಸುವ ಮುರ್ರಾ ತಳಿಯ ವೀರ್ಯದ ಕಡ್ಡಿ ಅವರ ಹತ್ತಿರ ಒಂದೇ ಒಂದು ಉಳಿದಿದೆ, ಅದೂ ಗೌರೀಶನ ಕೊಟ್ಟಿಗೆಗಂತೆ.

ಮಂಚಯ್ಯ ಟೀ ಲೋಟವನ್ನು ಕುಕ್ಕಿದ. ಇನ್ನೊಂದು ಮುರ್ರಾ ಕರು ಬಂದರೆ ಗೌರೀಶನ ಹತ್ತು ಲೀಟರು ಇಪ್ಪತ್ತಾಗುತ್ತದೆ! ಎದ್ದವನೇ ಊರ ಮುಂದಕ್ಕೆ ಓಡಿ ಡಾಕ್ಟರ ಬೈಕಿಗೆ ಅಡ್ಡ ನಿಂತ.

"ಗೌರೀಶನ ಕೊಟ್ಟಿಗೆಗಾ ಸಾ? ಆ ಎಮ್ಮೆ ಬೆದೆ ಇಳ್ದೋಯ್ತು. ಸುಮ್ಕೆ ಕಡ್ಡಿ ಆಳ್ ಮಾಡ್ಬ್ಯಾಡಿ."

ಡಾಕ್ಟರು ಫೋನು ತೆಗೆದರು. ಸಿಗ್ನಲ್ ಇರಲಿಲ್ಲ. ಕಾಡಂಚಿನ ನೆಟ್‌ವರ್ಕಿಗೆ ಮಂಚಯ್ಯ ಮನಸ್ಸಿನಲ್ಲೇ ಕೈಮುಗಿದ. ಎಳನೀರು ಕುಡಿಸಿ, ಬೈಕನ್ನು ತಾನೇ ತಿರುಗಿಸಿಕೊಟ್ಟು, ಅವರನ್ನು ಬೇರೆ ಹಳ್ಳಿಗೆ ಸಾಗಹಾಕಿದ.

ಗೆದ್ದವನಂತೆ ಮನೆಗೆ ಬಂದರೆ ರಾಣಿಯ ಗೂಟ ಖಾಲಿ. ಎಲ್ಲಿ ಎಂದು ಹೆಂಡತಿ ಚಿಕ್ಕಬಸಮ್ಮನನ್ನು ಕೇಳಿದ.

"ಗೌರೀಶನ ಕೊಟ್ಟಿಗೇಲವ್ಳೆ. ಇಲ್ಲಿ ಬೆದೆ ಬಂದ್ರೂ ಬಾಯೇ ಬುಡ್ತಿರ್ಲಿಲ್ಲ. ಬೆಳಿಗ್ಗೆ ಮೇಯಕ್ಕೆ ಒಡ್ಕೊಂಡೋಗುವಾಗ ಅವ್ರ ನಾಟಿ ಕೋಣನ್ ಕಂಡು ಕೂಗಿದ್ಲು, ಡಾಕ್ಟ್ರು ಬರೋಗಂಟ ಅಲ್ಲೇ ಕಟ್ಟುದ್ವಿ. ಡಾಕ್ಟ್ರುಗೆ ಅವ್ನೇ ಫೋನ್ ಮಾಡಿ ಆ ಕಡ್ಡಿ ನಮ್ಗೆ ಅಂತ ಇರುಸವ್ನೆ. ಅವ್ನೆಸ್ರು ಎತ್ತಿದ್ರೆ ನಿಮ್ಗೆ ಉರಿಯುತ್ತೆ, ಅದ್ಕೇ ಯೋಳ್ಲಿಲ್ಲ."

ಮಂಚಯ್ಯ ಬಿದ್ದೆನೋ ಎದ್ದೆನೋ ಎಂದು ರಸ್ತೆಗೆ ಓಡಿದ. ಅಲ್ಲಿ ಧೂಳಷ್ಟೇ ಇತ್ತು.

ಸಂಜೆ ಗೌರೀಶನೇ ರಾಣಿಯನ್ನು ಹಿಡಿದುಕೊಂಡು ಬಂದ. ಮುಖ ಸಪ್ಪಗಿತ್ತು. ಡಾಕ್ಟರು ಫೋನಿಗೆ ಸಿಕ್ಕರಂತೆ. ಕಡ್ಡಿ ಬೇರೆ ಊರಿನ ಎಮ್ಮೆಗೆ ಹೋಯಿತಂತೆ.

"ಯಾರೋ ದಾರೀಲೇ ತಿರುಗ್ಸಿ ಕಳ್ಸವ್ನೆ. ನಿನ್ನೆಮ್ಮೆ ಉದ್ಧಾರ ಆದ್ರೆ ಯಾರಿಗಣ್ಣ ಇಷ್ಟು ಒಟ್ಟೆ ಉರಿ?"

ಮಂಚಯ್ಯ ತಲೆ ಎತ್ತದೆ ರಾಣಿಯ ಬೆನ್ನು ಸವರುತ್ತ ನಿಂತ.

"ಇಪ್ಪತ್ತೊಂದು ದಿನಕ್ಕೆ ರಾಣಿ ಮತ್ತೆ ಬೆದೆಗೆ ಬತ್ತಾಳೆ, ಆಗ ಡಾಕ್ಟ್ರು ಇನ್ನೊಂದು ಕಡ್ಡಿ ತತ್ತಾರೆ," ಅಂದ ಗೌರೀಶ್. "ಆ ನನ್ಮಗನ ಮುಖ ಅವ್ರಿಗೆ ಚೆನ್ನಾಗಿ ನೆಪ್ಪದೆಯಂತೆ, ಕಂಡ್ರೆ ತೋರುಸ್ತಾರಂತೆ. ಆವತ್ತು ನೀನು ಎಲ್ಲೂ ಓಗ್ಬ್ಯಾಡ ಕಣಣ್ಣ, ಡಾಕ್ಟ್ರ ಪಕ್ಕದಲ್ಲೇ ನಿಂತಿರು."