ಮಸಾಯಿ ಮಾರಾದ ಮಂಜು

ಕುವೈತಿನಲ್ಲಿ ನಾನು ಕೊಂಡ ಯಾವ ವಸ್ತುವೂ ಇಂದಿನವರೆಗೆ ಹಳೆಯದಾಗಿಲ್ಲ. ಇದಕ್ಕೆ ಕಾರಣ ನನ್ನ ಶಿಸ್ತು. ರಿಗ್ಗೈನ ನಮ್ಮ ಮನೆಯಲ್ಲಿ ಟಿವಿ ರಿಮೋಟಿಗೆ ಪ್ಲಾಸ್ಟಿಕ್, ಸೋಫಾಗೆ ಪ್ಲಾಸ್ಟಿಕ್, ಕಾರಿನ ಸೀಟಿಗಂತೂ ಕಂಪನಿಯವರೇ ಹಾಕಿಕೊಟ್ಟ ಪ್ಲಾಸ್ಟಿಕ್. ಬೇಸಿಗೆಯಲ್ಲಿ ಆ ಸೀಟಿನ ಮೇಲೆ ಕೂತರೆ ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ, ನಿಜ. ಆದರೆ ಸೀಟು ಹೊಸದಾಗಿಯೇ ಇದೆ! ಊರಿಗೆ ಮರಳುವಾಗ ಎಲ್ಲವೂ ಥಳಥಳ ಹೊಳೆಯಬೇಕು ಎಂಬುದು ಗಲ್ಫಿನಲ್ಲಿ ದುಡಿಯುವ ನಮ್ಮಂಥವರ ಧರ್ಮ. ಮೇಲಾಗಿ ಇಲ್ಲಿಯ ಧೂಳು. ಕಿಟಕಿಗೆ ಟೇಪು ಅಂಟಿಸಿದರೂ ಅದು ಸಾರಿನ ಪಾತ್ರೆಯೊಳಗೆ ಬಂದು ಕೂರುತ್ತದೆ.

ಇಂಥ ನಾನು ಒಂದು ಭಾರಿ ಕ್ಯಾಮೆರಾ ಕೊಂಡೆ. ಮೊಳದುದ್ದದ ಲೆನ್ಸು. ಮೊದಲ ಶುಕ್ರವಾರವೇ ವಫ್ರಾದ ತೋಟಗಳ ಕಡೆ ಹೋಗಿ ಒಂಟೆಗಳ ಫೋಟೋ ತೆಗೆದೆ. ಕೆಳಗಿನ ಮಹಡಿಯ ಲ್ಯಾನ್ಸಿ ಅವುಗಳನ್ನು ನೋಡಿ ದಂಗಾದರು. ಲ್ಯಾನ್ಸಿ ಮಂಗಳೂರಿನವರು. ನಮ್ಮ ಕನ್ನಡ ಬಳಗದ ಕಾರ್ಯದರ್ಶಿ.

“ಎಂತ ಮಾರಾಯ್ರೆ, ಒಂಟೆಯ ಕಣ್ಣಿನ ರೆಪ್ಪೆ ಸಹ ಕಾಣ್ತದೆ! ನೀವು ಈದ್ ರಜೆಗೆ ಆಫ್ರಿಕಾಕ್ಕೆ ಹೋಗುವವರು ಅಲ್ವಾ? ಈ ಸಲದ ನಮ್ಮ ಕ್ಯಾಲೆಂಡರಿಗೆ ಹನ್ನೆರಡೂ ತಿಂಗಳು ನಿಮ್ಮದೇ ಪ್ರಾಣಿಗಳು. ಖಲಾಸ್!”

ಪ್ರತಿವರ್ಷ ಅದೇ ಜೋಗ, ಅದೇ ಅರಮನೆ ನೋಡಿ ಬಳಗದ ಕಣ್ಣು ದಣಿದಿತ್ತು. ನಾವು ಮರಳಿದ ಮರುದಿನವೇ ಕ್ಯಾಲೆಂಡರ್ ಪ್ರೆಸ್ಸಿಗೆ ಹೋಗಬೇಕು. ‘ಛಾಯಾಗ್ರಹಣ: ಮೂರ್ತಿ’ ಎಂಬ ಸಾಲನ್ನು ಲ್ಯಾನ್ಸಿ ಆಗಲೇ ಅಕ್ಷರ ಜೋಡಿಸಿ ಇಟ್ಟರು. ನಾನು ಖೈತಾನಿನಲ್ಲಿ, ರಿಗ್ಗೈನಲ್ಲಿ, ಆಫೀಸಿನ ಲಿಫ್ಟಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಈ ಸುದ್ದಿಯನ್ನು ವಿನಯಪೂರ್ವಕವಾಗಿ ತಿಳಿಸಿದೆ.

ಹೊರಡುವ ಹಿಂದಿನ ದಿನ ಆಫ್ರಿಕಾದ ಧೂಳಿನ ಚಿಂತೆ ಹತ್ತಿತು. ಹೆಂಡತಿ ಸುನಂದಾ ಅಡುಗೆಮನೆಯಲ್ಲಿ ದಾರಿಗೆಂದು ಚಪಾತಿಗಳನ್ನು ಸುರುಳಿ ಮಾಡಿ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತುತ್ತಿದ್ದಳು. ನನಗೆ ಮಿಂಚು ಹೊಳೆಯಿತು! ಅದೇ ಹಾಳೆಯನ್ನು ಕ್ಯಾಮೆರಾಕ್ಕೆ ಸುತ್ತಿದೆ. ಲೆನ್ಸಿನ ಬಾಯಿಗೆ ಎರಡು ಪದರ ಹೆಚ್ಚಾಗಿಯೇ ಎಳೆದು ಬಿಗಿದೆ.

“ಏನ್ರೀ, ಕಣ್ಣಿಗೇ ಬಟ್ಟೆ ಕಟ್ಟಿದ ಹಾಗಾಯ್ತಲ್ಲ?” ಎಂದಳು.

“ಇದು ಪಾರದರ್ಶಕ ಕಣೇ. ಒಳಗಿರೋ ಚಪಾತಿ ನಿನಗೆ ಕಾಣಲ್ವಾ? ಹಾಗೇ ಕ್ಯಾಮೆರಾಕ್ಕೆ ಸಿಂಹ ಕಾಣತ್ತೆ.”

ಅವಳು ನಾಮಕರಣ, ಸೀಮಂತಗಳಿಗೆ ಒಯ್ಯುವ ತನ್ನ ಪುಟ್ಟ ಹಳೇ ಕ್ಯಾಮೆರಾವನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡಳು. ಅದರಲ್ಲಿ ಸಿಂಹವನ್ನು ತೆಗೆದರೆ ಬೆಕ್ಕಿನ ಹಾಗೆ ಬರುತ್ತದೆ ಎಂದು ನಾನು ಎಚ್ಚರಿಸಿದೆ.

ಕೀನ್ಯಾದ ಮಸಾಯಿ ಮಾರಾದಲ್ಲಿ ನಮ್ಮ ಜೀಪಿನ ಚಾಲಕ ಜೋಸೆಫ್. ಮೊದಲ ಬೆಳಗ್ಗೆ ನನ್ನ ಕ್ಯಾಮೆರಾವನ್ನು ಬಹಳ ಹೊತ್ತು ನೋಡಿ, “ಸರ್, ಇವತ್ತು ಮಳೆ ಬರೋದಿಲ್ಲ” ಎಂದ. ನಾನು ನಕ್ಕೆ. ಪಾಪ, ಕುವೈತಿನ ಅನುಭವ ಅವನಿಗೆಲ್ಲಿ!

ಆನೆಗಳ ಹಿಂಡು ಎದುರಾಯಿತು. ಕ್ಯಾಮೆರಾದೊಳಗೆ ಇಣುಕಿದರೆ ಎಲ್ಲೆಲ್ಲೂ ಮಂಜು. ಆಫ್ರಿಕಾದ ಮುಂಜಾನೆಯ ಮಂಜು! ರೋಮಾಂಚನವಾಯಿತು. ಮಧ್ಯಾಹ್ನ ನೆತ್ತಿ ಸುಡುವ ಬಿಸಿಲಿನಲ್ಲಿ ಜಿರಾಫೆ ಬಂತು. ಆಗಲೂ ಮಂಜು. ಕನ್ನಡಕ ಒರೆಸಿಕೊಂಡೆ, ಊರಿಗೆ ಹೋದಾಗ ಕಣ್ಣು ತೋರಿಸಬೇಕೆಂದು ನಿಶ್ಚಯಿಸಿದೆ. ತೆಗೆದ ಚಿತ್ರಗಳು ಹಿಂದಿನ ಪರದೆಯಲ್ಲೂ ಮಬ್ಬಾಗಿದ್ದವು. ಅದು ಪರದೆಯ ಮೇಲಿನ ಪ್ಲಾಸ್ಟಿಕ್ಕಿನ ದೋಷ, ಒಳಗೆ ಚಿತ್ರ ಸರಿಯಾಗಿಯೇ ಇರುತ್ತದೆ ಎಂದು ಸುನಂದಾಗೆ ವಿವರಿಸಿದೆ.

“ಒಂದ್ಸಲ ತೆಗೆದು ನೋಡ್ರೀ, ಗಂಟೇನು ಹೋಗತ್ತೆ?”

“ಧೂಳು ಒಳಗೆ ಹೋದ್ರೆ ಲೆನ್ಸೇ ಹಾಳಾಗತ್ತೆ!”

ಮರುದಿನ ಮರದ ಕೊಂಬೆಯ ಮೇಲೆ ಚಿರತೆ ಮಲಗಿತ್ತು. ಸುತ್ತ ಜೀಪುಗಳು ಉಸಿರು ಬಿಗಿಹಿಡಿದು ನಿಂತಿದ್ದವು. “ಪೋಲೆ ಪೋಲೆ” ಎಂದು ಜೋಸೆಫ್ ಪಿಸುಗುಟ್ಟಿದ. ನಿಧಾನ, ನಿಧಾನ. ನಾನು ನಿಧಾನವಾಗಿಯೇ ಕ್ಯಾಮೆರಾ ಎತ್ತಿದೆ. ಪ್ಲಾಸ್ಟಿಕ್ ಚರಪರ ಎಂದಿತು. ಚಿರತೆ ಕಣ್ಣು ತೆರೆಯಿತು. ಫೋಕಸ್ ಸರಿಮಾಡಲು ಹೋದೆ. ಚರಪರ, ಚರಪರ! ಚಿರತೆ ಎದ್ದು, ಮೈಮುರಿದು, ಪೊದೆಯೊಳಗೆ ಹೋಗಿಬಿಟ್ಟಿತು. ಸುತ್ತಲ ಜೀಪುಗಳಲ್ಲಿದ್ದ ನಾನಾ ದೇಶಗಳ ಜನ ನನ್ನತ್ತ ತಿರುಗಿ ನೋಡಿದರು. ನಾನೂ ಹಿಂದಿರುಗಿ ನೋಡಿದೆ, ಯಾರಪ್ಪಾ ಸದ್ದು ಮಾಡಿದ್ದು ಎಂಬಂತೆ.

ಕೊನೆಯ ದಿನ, ಕಾಡಿನ ಗೇಟು ದಾಟಿ ಮರದ ಕೆಳಗಿದ್ದ ಮೇಜಿನ ಹತ್ತಿರ ಉಳಿದ ಚಪಾತಿಗಳ ಗಂಟು ಬಿಚ್ಚಿದೆವು. ಎಲ್ಲಿಂದಲೋ ಒಂದು ದಪ್ಪ ಬಬೂನ್ ಮಂಗ ಬಂತು. ಮೇಜಿನ ಮೇಲೆ ಒಂದೇ ತೆರನ ಹಾಳೆ ಸುತ್ತಿದ ಸುರುಳಿಗಳು. ಅವುಗಳ ಪೈಕಿ ಅತ್ಯಂತ ದೊಡ್ಡದನ್ನು ಅದು ಎತ್ತಿಕೊಂಡಿತು. ನನ್ನ ಕ್ಯಾಮೆರಾ!

ಹನ್ನೆರಡು ತಿಂಗಳೂ ಅದರೊಳಗಿದ್ದವು! ಬಬೂನ್ ಜೀಪಿನ ಮೇಲೆ ಕೂತು ಪ್ಲಾಸ್ಟಿಕ್ಕನ್ನು ಪರಪರನೆ ಸುಲಿಯತೊಡಗಿತು. ನಾನು ಒಂದು ಕೈಯಲ್ಲಿ ಚಪಾತಿ ನೀಡುತ್ತ, ಇನ್ನೊಂದು ಕೈಯಲ್ಲಿ ನಮಸ್ಕಾರ ಮಾಡುತ್ತ ಕೆಳಗೆ ನಿಂತೆ. “ಬಾರೋ ರಾಜಾ, ಕೊಡೋ ಭಾಯಿ” ಎಂದು ಗೊತ್ತಿದ್ದ ಭಾಷೆಯಲ್ಲೆಲ್ಲ ಬೇಡಿಕೊಂಡೆ. ಅದು ಲೆನ್ಸನ್ನು ಮೂಸಿತು, ಪಲ್ಯವಿಲ್ಲವೆಂದು ಖಚಿತವಾದ ಮೇಲೆ ಕ್ಯಾಮೆರಾವನ್ನು ಅಲ್ಲೇ ಇಟ್ಟು, ನನ್ನ ಕೈಯ ಚಪಾತಿ ಕಿತ್ತುಕೊಂಡು ಇಳಿಯಿತು.

ಓಡಿ ಹೋಗಿ ಕ್ಯಾಮೆರಾ ಎತ್ತಿ ಇಣುಕಿದೆ. ಆಫ್ರಿಕಾದ ಮಂಜು ಪೂರ್ತಿ ಕರಗಿತ್ತು! ಒಂದೊಂದು ಹುಲ್ಲಿನ ಎಸಳೂ ಕಾಣುತ್ತಿತ್ತು. ಗಾಬರಿಯಲ್ಲಿ ಕ್ಲಿಕ್ ಮಾಡಿದೆ. ನನ್ನ ಇಡೀ ಸಫಾರಿಯ ಏಕೈಕ ಸ್ಪಷ್ಟ ಚಿತ್ರ ಅದು. ಹೋಗುತ್ತಿದ್ದ ಬಬೂನಿನ ಹಿಂಭಾಗ, ಕೆಂಪಗೆ. ಮಂಗನ ಕೈಗೆ ಮಾಣಿಕ್ಯ ಸಿಕ್ಕಿತು ಎಂದು ನೀವು ನಗಬಹುದು. ಅದು ಸಿಕ್ಕಿದ್ದು ಅವತ್ತಲ್ಲ ಸ್ವಾಮಿ, ನಾನು ಅಂಗಡಿಯಲ್ಲಿ ಕ್ಯಾಮೆರಾ ಕೊಂಡ ದಿನವೇ!

ವಿಮಾನದಲ್ಲಿ ನಾನು ಊಟ ಮಾಡಲಿಲ್ಲ. ಬಳಗಕ್ಕೆ ಏನು ಹೇಳಲಿ, ಲಿಫ್ಟಿನಲ್ಲಿ ಯಾವ ಮುಖ ಹೊತ್ತು ನಿಲ್ಲಲಿ ಎಂಬ ಸಂಕಟ. ಸುನಂದಾ ನನ್ನ ಪಾಲಿನದನ್ನೂ ತಿಂದು, ವ್ಯಾನಿಟಿ ಬ್ಯಾಗು ತೆರೆದು, ಪುಟ್ಟ ಕ್ಯಾಮೆರಾ ನನ್ನ ಕೈಗಿಟ್ಟಳು. ಅದರಲ್ಲಿ ಆನೆ, ಜಿರಾಫೆ, ಸಿಂಹ, ಏಳುವ ಮುನ್ನಿನ ಚಿರತೆ, ಎಲ್ಲವೂ ಇದ್ದವು. ಸಿಂಹ ಸಿಂಹದ ಹಾಗೆಯೇ ಇತ್ತು.

ಮರುದಿನ ಲ್ಯಾನ್ಸಿ ಒಂದೊಂದೇ ನೋಡುತ್ತ ಬಂದವರು ಕೊನೆಯದಕ್ಕೆ ನಿಂತುಬಿಟ್ಟರು. ಜೀಪಿನ ಮೇಲೆ ಬಬೂನ್ ನನ್ನ ಕ್ಯಾಮೆರಾ ಸುಲಿಯುತ್ತಿದೆ, ಕೆಳಗೆ ನಾನು ಚಪಾತಿ ಹಿಡಿದು ಕೈ ಮುಗಿಯುತ್ತಿದ್ದೇನೆ.

“ಮುಖಪುಟಕ್ಕೆ ಇದೇ ಮಾರಾಯ್ರೆ! ಬೇರೆ ಉಂಟಾ?”

ಜೋಡಿಸಿಟ್ಟ ಸಾಲೂ ವ್ಯರ್ಥವಾಗಲಿಲ್ಲ. ಮೂರ್ತಿ ಎಂಬುದರ ಮುಂಚೆ ‘ಸುನಂದಾ’ ಎಂದು ಸೇರಿಸಿದರು, ಅಷ್ಟೆ.

ಕ್ಯಾಲೆಂಡರ್ ಪ್ಲಾಸ್ಟಿಕ್ ಹೊದಿಕೆಯಲ್ಲಿ ಮನೆಗೆ ಬಂತು. ಸುನಂದಾ ಗೋಡೆಗೆ ಮೊಳೆ ಹುಡುಕುತ್ತಿದ್ದಳು.

“ಪ್ಲಾಸ್ಟಿಕ್ ತೆಗೀಬೇಡ ಕಣೇ. ಧೂಳು ಕೂರತ್ತೆ” ಎಂದೆ, ಮೆಲ್ಲಗೆ.

ಅವಳು ಬಬೂನಿನಷ್ಟೇ ನಿರ್ದಾಕ್ಷಿಣ್ಯವಾಗಿ ಪರ್ರೆಂದು ಹರಿದಳು. ಧೂಳು ಕೂತೇ ಕೂತಿತು. ಆ ವರ್ಷವಿಡೀ ಪ್ರತಿ ಶುಕ್ರವಾರ ಬಟ್ಟೆ ಹಿಡಿದು ಆ ಮುಖಪುಟವನ್ನು ಒರೆಸಿದವನು ನಾನೇ. ಮೊದಲು ಬಬೂನಿನ ಮುಖ, ಆಮೇಲೆ ನನ್ನದು!