ಬೆರಣಿ ಕಲ್ಲಿನ ಫರ್ಮಾನು

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ನಿಂಬೆಹಣ್ಣು. ಬಸ್ಸು ಹತ್ತಿದರೆ ಜಂಪಣ್ಣನಿಗೆ ಹೊಟ್ಟೆ ತೊಳಸುತ್ತಿತ್ತು. ಮೂಸಲೆಂದು ಚನ್ನಗಿರಿಯಲ್ಲಿ ಕೊಂಡ ಹಣ್ಣನ್ನು ಬಸವಾಪಟ್ಟಣ ದಾಟಿ ದೀವಟಿಗೆಹಳ್ಳಿಯಲ್ಲಿ ಇಳಿದಾಗಲೂ ಮೂಗಿಗೆ ಒತ್ತಿ ಹಿಡಿದಿದ್ದ. ಹೆಗಲಲ್ಲಿ ಜೋಳಿಗೆ, ಕಂಕುಳಲ್ಲಿ ಕಾಗದದ ಸುರುಳಿ, ಮೂಗಿನ ಮೇಲೆ ನಿಂಬೆಹಣ್ಣು. ಹೋಟೆಲಿನ ಓಬವ್ವ ಅವನನ್ನು ಅಂಗಾಲಿನಿಂದ ನೆತ್ತಿಯವರೆಗೆ ಅಳೆದಳು.

ಜಂಪಣ್ಣ ಕಾಲೇಜಿನಲ್ಲಿ ಇತಿಹಾಸದ ಹಂಗಾಮಿ ಮೇಷ್ಟ್ರು. ಪ್ರತಿ ಬೇಸಿಗೆಗೂ ಅವನನ್ನು ಮನೆಗೆ ಕಳಿಸುತ್ತಿದ್ದರು. ಮರುದಿನ ಶಿವಮೊಗ್ಗದಲ್ಲಿ ವಿಚಾರ ಸಂಕಿರಣ. ಯಾರೂ ಕಾಣದ ಒಂದು ಫಾರಸಿ ಶಾಸನದ ಪಡಿಯಚ್ಚು ತಂದರೆ ಸಂಶೋಧನೆಯ ಕೆಲಸ ಖಾಯಂ ಎಂದು ಪ್ರೊಫೆಸರು ಮಾತು ಕೊಟ್ಟಿದ್ದರು. ಬಿಜಾಪುರದ ಸುಲ್ತಾನರ ಸರದಾರರು ಈ ಸೀಮೆಯ ದರ್ಗಾಕ್ಕೂ ದತ್ತಿ ಬಿಟ್ಟರು, ಮಠಕ್ಕೂ ಬಿಟ್ಟರು. ಅದು ದೇವರ ಮೇಲಿನ ಭಕ್ತಿಯೋ, ಕಂದಾಯದ ಮೇಲಿನ ಪ್ರೀತಿಯೋ? ಮೂರು ವರ್ಷದಿಂದ ಅವನು ಮದುವೆಯನ್ನೂ ಮರೆತು ಇದನ್ನೇ ಯೋಚಿಸುತ್ತಿದ್ದ.

"ಅವ್ವಾ, ಇಲ್ಲಿ ಬರಹದ ಕಲ್ಲು ಐತಂತಲ್ಲ, ಎಲ್ಲೈತೆ?"

ಓಬವ್ವನ ಕೈಯಲ್ಲಿದ್ದ ಲೋಟ ನಿಂತಿತು. ಬೆಂಚಿನ ಮೇಲಿನ ಹರಟೆ ನಿಂತಿತು. ಬೋಂಡ ಅಗಿಯುತ್ತಿದ್ದವನ ದವಡೆಯೂ ನಿಂತಿತು.

"ಯಾವ ಕಲ್ಲೂ ಇಲ್ಲ, ಹೋಗ್ರಿ," ಎಂದಳು ಓಬವ್ವ.

ಇಂಥ ಮೌನಗಳೆಂದರೆ ಜಂಪಣ್ಣನಿಗೆ ಪ್ರಾಣ. ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ! ತಲೆಮಾರುಗಳಿಂದ ಬಂದ ಸಂಚು! ಹೀಗೆ ಅನುಮಾನಿಸುತ್ತಾ ಹೋಟೆಲಿನ ಗೋಡೆಯತ್ತ ತಿರುಗಿದರೆ, ಅದಕ್ಕೊರಗಿ ನಿಂತಿದ್ದ, ಓಬವ್ವ ಬೆರಣಿ ತಟ್ಟಿದ್ದ ಕಲ್ಲಿನಲ್ಲಿ, ಎರಡು ಬೆರಣಿಗಳ ಸಂದಿಯಿಂದ ಫಾರಸಿಯ ಒಂದು ಬಳುಕು ಅಕ್ಷರ ಇಣುಕುತ್ತಿತ್ತು.

ಅವಳು ಒಳಗೆ ಹೋಗುವುದನ್ನೇ ಕಾದು ಜಂಪಣ್ಣ ಬೆರಣಿಗಳನ್ನು ಕಿತ್ತ. ಕಲ್ಲು ತೊಳೆದ. ಒದ್ದೆ ಕಾಗದ ಅಂಟಿಸಿ, ಅಕ್ಷರದ ಮೇಲೆ ಅದು ಕೂರುವಂತೆ ಬ್ರಷ್ಷಿನಿಂದ ದಬದಬ ಬಡಿದ. ಆಮೇಲೆ ಜೋಳಿಗೆಯಿಂದ ಕಪ್ಪು ಶಾಯಿಯ ಡಬ್ಬಿ ತೆಗೆದ.

"ಅಂಜನ! ಅಂಜನ ಹಾಕಾಕೆ ಬಂದಾನೆ! ನಿಧಿ ಕಳ್ಳ!" ಎಂದು ಬೋಂಡದವನು ಕೂಗಿದ.

ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಊರು ನೆರೆಯಿತು. ದರ್ಗಾದ ಮುಜಾವರ ದಸ್ತಗಿರ್‌ಸಾಬರು ಬಂದರು, ಮಠದ ಅಯ್ಯನವರು ಬಂದರು. ಎಲ್ಲರ ಹಿಂದೆ ರಾಜದೂತ್ ಬೈಕಿನಲ್ಲಿ ಪಂಚಾಯ್ತಿ ಚೇರ್ಮನ್ ಮುರುಗೇಶಪ್ಪ ಬಂದು, ಇಳಿಯದೆ, ಒಂದು ಕಾಲೂರಿ ವಿಚಾರಣೆ ಶುರುಮಾಡಿದ.

"ಗುದ್ದಲಿ ಎಲ್ಲಿ ಬಚ್ಚಿಟ್ಟೀಯ?"

"ಗುದ್ದಲಿ ಇಲ್ರಿ. ನಾನು ಇತಿಹಾಸದ ಮೇಷ್ಟ್ರು."

"ಇತಿಹಾಸಕ್ಕೆ ನಿಂಬೆಹಣ್ಣು ಯಾಕೆ ಬೇಕು?"

"ವಾಂತಿಗೆ."

"ನಿಧಿ ಪೂಜೆ ಮಾಡೋರೆಲ್ಲ ಹಿಂಗೇ ಅಂತಾರೆ," ಎಂದು ಯಾರೋ ಗೊಣಗಿದರು.

"ನಿಧಿ ಮನೆ ಹಾಳಾಗ! ನನ್ನ ಹಸಿ ಬೆರಣಿ ಕಿತ್ತಾನಲ್ಲ, ಮೊದ್ಲು ಅದನ್ನ ಕೇಳ್ರಿ!" ಎಂದಳು ಓಬವ್ವ.

ಮುರುಗೇಶಪ್ಪ ಕಲ್ಲಿನ ಕಡೆ ಗದ್ದ ತೋರಿಸಿದ. "ಮೇಷ್ಟ್ರಾದ್ರೆ ಓದು. ಓದಾಕೆ ಬರಲಿಲ್ಲ ಅಂದ್ರೆ ಸೀದಾ ಸ್ಟೇಷನ್."

ದಾವಣಗೆರೆಯ ಉರ್ದು ಮೇಷ್ಟ್ರೊಬ್ಬರ ಜಗುಲಿಯಲ್ಲಿ ಫಾರಸಿ ಕಲಿತದ್ದು ಅಂದು ಕೆಲಸಕ್ಕೆ ಬಂತು. ಜಂಪಣ್ಣ ಶಾಯಿ ಒತ್ತಿದ. ಅಕ್ಷರಗಳು ಕಪ್ಪಗೆ ಎದ್ದು ನಿಂತವು. ತರಗತಿಯಲ್ಲಿ ಕೊನೆಯ ಬೆಂಚಿಗೂ ಕೇಳಿಸದ ಅವನ ದನಿ ಈಗ ಬೇವಿನ ಮರದ ಕಾಗೆಗಳನ್ನು ಎಬ್ಬಿಸಿತು.

"ಸುಲ್ತಾನರ ಅಪ್ಪಣೆಯಿಂದ ಸರದಾರ ಬರೆಸಿದ ಫರ್ಮಾನು. ಈ ಊರ ಕೆರೆ ಏರಿಯ ಕೆಳಗಿನ ತೋಟದ ಫಸಲು ಅರ್ಧ ದರ್ಗಾದ ದೀಪಕ್ಕೆ, ಅರ್ಧ ಮಠದ ದಾಸೋಹಕ್ಕೆ. ಬೇರೆ ಯಾರು ಉಂಡರೂ ಅವರ ವಂಶ..."

ಮುಂದಿನದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಇಡೀ ಊರಿನ ಕತ್ತು ನಿಧಾನವಾಗಿ ಬೈಕಿನತ್ತ ತಿರುಗಿತ್ತು.

ದಸ್ತಗಿರ್‌ಸಾಬರು ಬೆಣ್ಣೆಯಂಥ ದನಿಯಲ್ಲಿ ಕೇಳಿದರು. "ಚೇರ್ಮನ್ರೇ, ಏರಿ ಕೆಳಗೆ ಇರೋದು ನಿಮ್ದೊಂದೇ ತೋಟ ಅಲ್ವಾ?"

"ಚನ್ನಗಿರಿಯಾಗೆ ಭೂ ನ್ಯಾಯಮಂಡಳಿ ಬೇರೆ ಕುಂತೈತೆ," ಎಂದು ಅಯ್ಯನವರು ಆಕಾಶಕ್ಕೆ ಹೇಳಿದರು.

ಅನುಮಾನದ ಕಣ್ಣುಗಳೆಲ್ಲ ತನ್ನನ್ನು ಬಿಟ್ಟು ಬೇರೆ ಮನೆ ಹುಡುಕಿಕೊಂಡದ್ದು ಕಂಡು ಜಂಪಣ್ಣನ ಜೀವ ಹಗುರಾಯಿತು. ಖಾಯಂ ಕೆಲಸ ಕೈಗೆ ಬಂದಂತೆಯೇ! ಕಾಗದ ಸುಲಿಯಲು ಅಂಚಿಗೆ ಉಗುರು ಹಾಕಿದ.

"ಮುಟ್ಟಬ್ಯಾಡ್ರಿ!"

ಮುರುಗೇಶಪ್ಪ ಬೈಕಿನಿಂದ ಇಳಿದಿದ್ದ. ಚಪ್ಪಲಿ ಬಿಟ್ಟ. ಟವೆಲ್ಲನ್ನು ಸೊಂಟಕ್ಕೆ ಬಿಗಿದ. ಊರು ಬಾಯಿ ಬಿಟ್ಟು ನೋಡುತ್ತಿರುವಂತೆ ಕಲ್ಲಿನ ಮುಂದೆ, ತೊಳೆದ ಸಗಣಿ ನೀರಿನಲ್ಲೇ, ಉದ್ದಕ್ಕೆ ಅಡ್ಡಬಿದ್ದ.

"ದೀಪಾನೂ ಕೇಳ್ತೈತೆ, ದಾಸೋಹಾನೂ ಕೇಳ್ತೈತೆ! ಇದು ಕಲ್ಲೇನ್ರೋ? ದೇವರ ಮೈಮ್ಯಾಲೆ ಇಷ್ಟು ವರ್ಷ ಬೆರಣಿ ತಟ್ಟಿದ್ವಲ್ಲೋ ಪಾಪಿಗಳು! ಓಬವ್ವಾ, ಎಣ್ಣೆ, ಕುಂಕುಮ ತಾರವ್ವ!"

ಓಬವ್ವ ಗಾಬರಿಯಲ್ಲಿ ಕುಂಕುಮದ ಜೊತೆ ಬೋಂಡದ ಬಾಣಲೆಯನ್ನೇ ತಂದಳು. ಅವನು ಅದನ್ನು ಕಲ್ಲಿನ ನೆತ್ತಿಗೆ ಸುರಿದು, ಕುಂಕುಮ ಎರಚಿದ. ಶಾಯಿ, ಎಣ್ಣೆ, ಕುಂಕುಮ ಸೇರಿ ಫರ್ಮಾನು ಮಾವಿನ ಉಪ್ಪಿನಕಾಯಿಯಂತಾಯಿತು.

"ಅಯ್ಯೋ, ಕಾಗದ!"

"ದೇವರು ಉಟ್ಟ ಬಟ್ಟೆ ಕೀಳಬಾರ್ದು ಮೇಷ್ಟ್ರೇ," ಎಂದು ಮುರುಗೇಶಪ್ಪ ಕೈ ಹಿಡಿದ. ಆಮೇಲೆ ಎದ್ದು ನಿಂತು ಉಳಿದಿಬ್ಬರತ್ತ ತಿರುಗಿದ. "ಸಾಬ್ರೇ, ಗುರುವಾರದ ಲೋಬಾನ ನಿಮ್ದು. ಅಯ್ಯನೋರೇ, ಸೋಮವಾರದ ವಿಭೂತಿ ನಿಮ್ದು. ಗುಡಿ ಕಟ್ಟಿಸೋ ಪುಣ್ಯ ನಂದಿರ್ಲಿ. ಹುಂಡಿ ನಿಮ್ಮಿಬ್ಬರಿಗೂ ಅರ್ಧರ್ಧ. ನ್ಯಾಯಮಂಡಳಿಗೆ ಅಲೆದು ಯಾರು ಉದ್ಧಾರ ಆಗ್ಯಾರೆ?"

ಇಬ್ಬರೂ ಪರಸ್ಪರ ಮುಖ ನೋಡಿಕೊಂಡರು. ದಸ್ತಗಿರ್‌ಸಾಬರು ಗಡ್ಡ ನೀವಿದರು. ಅಯ್ಯನವರು ಕಣ್ಣು ಮುಚ್ಚಿ ತೆರೆದರು. ಅಷ್ಟಕ್ಕೆ ಒಪ್ಪಂದ ಮುಗಿಯಿತು. ಆ ಸರದಾರ ಮೇಲಿನಿಂದ ನೋಡುತ್ತಿದ್ದರೆ ಮುರುಗೇಶಪ್ಪನಿಗೆ ಒಂದು ಕುದುರೆ ಇನಾಮು ಕೊಡುತ್ತಿದ್ದನೇನೋ ಅನ್ನಿಸಿತು ಜಂಪಣ್ಣನಿಗೆ.

"ಅದು ದೇವರಲ್ರೀ, ಬರೀ ಹುಕುಂ!" ಎಂದು ಕೊನೆಯ ಸಲ ಕೂಗಿದ.

ಊರಿನ ಕಣ್ಣುಗಳು ಮತ್ತೆ ಅವನ ಮೇಲೆ ನೆಟ್ಟವು. "ದೇವರಲ್ಲ ಅಂತಾನಲ್ಲ... ನಿಧಿಗೇ ಬಂದಿದ್ನೇನೋ," ಎಂದನು ಬೋಂಡದವನು.

ಜಂಪಣ್ಣ ಯಾರೋ ತಂದ ಹಾರಕ್ಕೆ ಕೊರಳೊಡ್ಡಿದ. ದೇವರನ್ನು ಎಬ್ಬಿಸಿದವನೆಂದು ಹೆಂಗಸರು ಕಾಲಿಗೆ ಬಿದ್ದರು, ಓಬವ್ವನೇ ಮೊದಲು.

ಮುರುಗೇಶಪ್ಪ ತಾನೇ ಬೈಕಿನಲ್ಲಿ ಕೂರಿಸಿಕೊಂಡು ಬಸವಾಪಟ್ಟಣಕ್ಕೆ ಬಿಟ್ಟ. ಶಿವಮೊಗ್ಗದ ಬಸ್ಸು ಹತ್ತಿಸಿ, ಅದು ಹೊರಡುವವರೆಗೆ ಕಿಟಕಿಯ ಸರಳು ಬಿಡಲಿಲ್ಲ.

"ನಾಳೆ ಸೆಮಿನಾರ್‌ನಲ್ಲಿ ನಾನೇನು ಹೇಳ್ಲಿ ಚೇರ್ಮನ್ರೇ?" ಜಂಪಣ್ಣ ಅಳುವ ದನಿಯಲ್ಲಿ ಕೇಳಿದ. "ಫರ್ಮಾನು ಓದಿದೆ ಅಂದ್ರೆ ಸಾಕ್ಷಿ ಎಲ್ಲಿ ಅಂತಾರೆ."

"ಅದನ್ನ್ಯಾಕೆ ಹೇಳ್ತೀರಿ? ದೀವಟಿಗೆಹಳ್ಳಿಯಾಗೆ ದೇವರು ಉದ್ಭವ ಆತು ಅಂತ ಹೇಳ್ರಿ," ಎಂದು ಮುರುಗೇಶಪ್ಪ ಕೈಮುಗಿದ. "ಸಾಕ್ಷಿ ಹೇಳಾಕೆ ಇಡೀ ಊರೇ ಲಾರಿ ಮಾಡ್ಕಂಡು ಬರ್ತೈತೆ."